ಒಂದೇ ಮಗುವಿಗೆಂದು ತಯಾರಾದ ಔಷಧ: ಕೆ-ಎಬಿಇ ಬಿಡಿಸಿ ನೋಡಿದಾಗ

ಜೀನಿನಲ್ಲಿನ ಒಂದು ತಪ್ಪು ಅಕ್ಷರವನ್ನು ತಿದ್ದುವ ಕೆ-ಎಬಿಇ ಎಂಬ ಔಷಧ ತಯಾರಾದದ್ದು ಒಂದೇ ಒಂದು ಮಗುವಿಗೆ. 2024ರ ಆಗಸ್ಟ್‌ನಲ್ಲಿ ಹುಟ್ಟಿದ ಆ ಗಂಡುಮಗುವಿಗೆ ಸಿಪಿಎಸ್1 ಎಂಬ ಕಿಣ್ವವೇ ಇರಲಿಲ್ಲ. ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ 2025ರ ಫೆಬ್ರವರಿ ಕೊನೆಗೆ ಮೊದಲ ಡೋಸ್ ಕೊಟ್ಟರು, ಮಾರ್ಚ್‌ನಲ್ಲಿ ಎರಡನೆಯದು, ಏಪ್ರಿಲ್‌ನಲ್ಲಿ ಮೂರನೆಯದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಿರಣ್ ಮುಸುನೂರು ಮತ್ತು ಅದೇ ಮಕ್ಕಳ ಆಸ್ಪತ್ರೆಯ ರೆಬೆಕಾ ಆರೆನ್ಸ್-ನಿಕ್ಲಾಸ್ ಈ ಕೆಲಸದ ಮುಂದಾಳುಗಳು. ಮೊದಲ ಎರಡು ಡೋಸ್‌ಗಳ ಫಲಿತಾಂಶವನ್ನು ಅವರು 2025ರ ಮೇ 15ರಂದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದರು.

ಸುದ್ದಿಯಲ್ಲಿ ಇದು ಪವಾಡವಾಗಿ ಓಡಾಡಿತು. ಪವಾಡದ ಮಾತು ಬದಿಗಿಟ್ಟು, ಬೇರೆ ಯಾವುದೇ ಔಷಧವನ್ನು ನೋಡುವ ಹಾಗೆ ಇದನ್ನೂ ನೋಡಬೇಕು: ಒಳಗೆ ಏನೇನಿದೆ, ಯಾವ ಭಾಗ ಯಾಕೆ ಇದೆ, ಎಷ್ಟು ಕೆಲಸ ಮಾಡಿತು, ಮುಂದಿನ ರೋಗಿಗೆ ಏನು ಉಪಯೋಗ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಈ ಔಷಧದಲ್ಲಿ ಆ ಮಗುವಿಗೆ ಮಾತ್ರ ಸೇರಿದ ಭಾಗ ಗೈಡ್ ಆರ್‌ಎನ್‌ಎಯ (ಎಡಿಟರನ್ನು, ಅಂದರೆ ತಿದ್ದುವ ಕಿಣ್ವವನ್ನು, ಜೀನಿನ ಸರಿಯಾದ ಜಾಗಕ್ಕೆ ಕರೆದೊಯ್ಯುವ ಎಳೆ) ತುದಿಯ 20 ಅಕ್ಷರ. ಉಳಿದ ಬಹುಪಾಲು ಮತ್ತೆ ಬಳಸಬಹುದಾದದ್ದು, ಅದೇ ಇದರ ದೊಡ್ಡ ಸಾಧನೆ. ದೊಡ್ಡ ಕೊರತೆಯೂ ಒಂದಿದೆ: ಮಗುವಿನ ಲಿವರ್‌ನಲ್ಲಿ ಎಷ್ಟು ಜೀವಕೋಶಗಳು ತಿದ್ದಿಕೊಂಡವು ಎಂಬ ಅಳತೆಯೇ ಇಲ್ಲ.

ಕಾಯಿಲೆಯ ಲೆಕ್ಕ ಹೀಗಿದೆ. ತಿಂದ ಪ್ರೋಟೀನ್ ಒಡೆದಾಗ ಸಾರಜನಕ ಉಳಿಯುತ್ತದೆ, ಅದು ಅಮೋನಿಯಾ ಆಗುತ್ತದೆ. ಲಿವರ್ ಅದನ್ನು ಯೂರಿಯಾ ಮಾಡಿ ಮೂತ್ರಕ್ಕೆ ಕಳಿಸುತ್ತದೆ. ಈ ಯೂರಿಯಾ ಚಕ್ರದ ಬಾಗಿಲು ಕಾಯುವುದು ಸಿಪಿಎಸ್1. ಮೈಟೊಕಾಂಡ್ರಿಯಾದೊಳಗೆ ಕೂತು ಅಮೋನಿಯಾವನ್ನು ಬೈಕಾರ್ಬನೇಟ್ ಜೊತೆ ಸೇರಿಸುವ ಮೊದಲ ಹೆಜ್ಜೆ ಅದರದು. ಅದಿಲ್ಲದಿದ್ದರೆ ಅಮೋನಿಯಾ ರಕ್ತದಲ್ಲಿ ಏರಿ ಮಿದುಳು ಊದಿಕೊಳ್ಳುತ್ತದೆ. ಈ ಮಗುವಿಗೆ ಹುಟ್ಟಿದ ಎರಡೇ ದಿನದಲ್ಲಿ ಅಮೋನಿಯಾ ಲೀಟರಿಗೆ 1000 ಮೈಕ್ರೊಮೋಲ್ ದಾಟಿತ್ತು, ಇರಬೇಕಾದದ್ದು ಎರಡಂಕಿಯಲ್ಲಿ. ಸುಮಾರು 13 ಲಕ್ಷಕ್ಕೆ ಒಬ್ಬರಿಗೆ ಬರುವ ಕಾಯಿಲೆ ಇದು, ಹಸುಳೆಯಲ್ಲೇ ಬಂದರೆ ಅರ್ಧದಷ್ಟು ಮಕ್ಕಳು ಉಳಿಯುವುದಿಲ್ಲ.

ಈವರೆಗಿನ ದಾರಿ ಡಯಾಲಿಸಿಸ್, ಅಳೆದು ತೂಗಿ ಕೊಡುವ ಪ್ರೋಟೀನ್, ಸಾರಜನಕವನ್ನು ಬೇರೆ ಹಾದಿಯಲ್ಲಿ ಹೊರಹಾಕುವ ಗ್ಲಿಸರಾಲ್ ಫೀನೈಲ್‌ಬ್ಯುಟಿರೇಟ್, ಮಗು ತಡೆದುಕೊಳ್ಳುವಷ್ಟು ಬೆಳೆದ ಮೇಲೆ ಲಿವರ್ ಕಸಿ. ಫೀನೈಲ್‌ಬ್ಯುಟಿರೇಟ್ ಮೈಯಲ್ಲಿ ಫೀನೈಲ್‌ಅಸಿಟೇಟ್ ಆಗಿ, ಗ್ಲುಟಮಿನ್ ಜೊತೆ ಅಂಟಿಕೊಂಡು ಮೂತ್ರದಲ್ಲಿ ಹೋಗುತ್ತದೆ. ಪ್ರತಿ ಗ್ಲುಟಮಿನ್ ಎರಡು ಸಾರಜನಕ ಹೊತ್ತೊಯ್ಯುತ್ತದೆ. ಒಳ್ಳೆಯ ಔಷಧವೇ. ಆದರೆ ಸಾಮಾನ್ಯ ಜ್ವರ ಬಂದು ಮಗು ಒಂದು ದಿನ ಹಾಲು ಬಿಟ್ಟರೂ ಮೈ ತನ್ನ ಮಾಂಸವನ್ನೇ ಕರಗಿಸಿಕೊಳ್ಳುತ್ತದೆ, ಆಗ ಈ ಏರ್ಪಾಡೆಲ್ಲ ಕುಸಿಯುತ್ತದೆ. ಕಸಿಗೆ ಕಾಯುವ ಪ್ರತಿ ವಾರವೂ ಮಿದುಳಿನ ಮೇಲಿನ ಪಣ.

ವೈರಸ್ ಮೂಲಕ ಒಂದು ಸರಿಯಾದ ಪ್ರತಿಯನ್ನೇ ಕಳಿಸಿದರಾಗದೇ ಎಂದು ಕೇಳುವವರಿದ್ದಾರೆ. ಸಿಪಿಎಸ್1 ಪ್ರೋಟೀನ್ 1500 ಅಮೈನೊ ಆಮ್ಲಗಳ ಸರ, ಅಂದರೆ ಅದರ ಸಂಕೇತವೇ 4500 ಅಕ್ಷರ. ಲಿವರ್‌ಗೆ ಬಳಸುವ ಎಎವಿ ವೈರಸ್ಸಿನ ಹೊಟ್ಟೆಯಲ್ಲಿ ಹಿಡಿಯುವುದು ಹೆಚ್ಚುಕಡಿಮೆ 4700. ಜೀನನ್ನು ಚಾಲೂ ಮಾಡುವ ಪ್ರೊಮೋಟರ್ ಮುಂತಾದವನ್ನು ಸೇರಿಸಿದರೆ ಜಾಗ ಮುಗಿಯಿತು. ಹಿಡಿಸಿದರೂ ಆ ಪ್ರತಿ ಕ್ರೋಮೊಸೋಮಿನ ಹೊರಗೆ ತೇಲುತ್ತಿರುತ್ತದೆ, ಮಗುವಿನ ಲಿವರ್ ಬೆಳೆದಂತೆ ಜೀವಕೋಶ ಇಬ್ಭಾಗವಾದಾಗಲೆಲ್ಲ ತೆಳುವಾಗುತ್ತಾ ಹೋಗುತ್ತದೆ. ಒಮ್ಮೆ ಕೊಟ್ಟ ಮೇಲೆ ಪ್ರತಿಕಾಯಗಳು ಹುಟ್ಟಿಕೊಳ್ಳುವುದರಿಂದ ಎರಡನೇ ಸಲ ಕೊಡುವುದಕ್ಕೂ ಆಗದು. ಜೀನಿನ ಅಕ್ಷರವನ್ನೇ ತಿದ್ದಿದರೆ ಆ ತಿದ್ದುಪಡಿ ಜೀವಕೋಶದ ಮಕ್ಕಳು ಮೊಮ್ಮಕ್ಕಳಿಗೂ ಹೋಗುತ್ತದೆ. ಬೆಳೆಯುವ ಮಗುವಿಗೆ ಇದು ಸಣ್ಣ ಅನುಕೂಲವಲ್ಲ.

ಈಗ ಔಷಧದ ತಿರುಳಿಗೆ ಬರೋಣ. ಮಗುವಿಗೆ ತಂದೆಯಿಂದ ಒಂದು ತಪ್ಪು, ತಾಯಿಯಿಂದ ಇನ್ನೊಂದು ತಪ್ಪು ಬಂದಿತ್ತು. ತಂದೆಯ ಕಡೆಯದು ಕ್ಯೂ335ಎಕ್ಸ್: 335ನೇ ಸ್ಥಾನದಲ್ಲಿ ಸಿಎಜಿ ಎಂದಿರಬೇಕಾದಲ್ಲಿ ಟಿಎಜಿ ಆಗಿದೆ. ತಾಯಿಯ ಕಡೆಯದು ಇ714ಎಕ್ಸ್: 714ನೇ ಸ್ಥಾನದಲ್ಲಿ ಜಿಎಜಿ ಬದಲು ಟಿಎಜಿ. ಎರಡರಲ್ಲೂ ‘ನಿಲ್ಲು’ ಎಂಬ ಸಂಕೇತವಾದ ಟಿಎಜಿ ಬಂದದ್ದರಿಂದ ಪ್ರೋಟೀನ್ ಅರ್ಧಕ್ಕೇ ನಿಲ್ಲುತ್ತದೆ. ನೋಡಲು ಅವಳಿಜವಳಿಯಂತಿರುವ ಈ ಎರಡರಲ್ಲಿ ಒಂದನ್ನು ಮಾತ್ರ ಈಗಿನ ಬೇಸ್ ಎಡಿಟರ್ (ಡಿಎನ್‌ಎಯ ಒಂದು ಅಕ್ಷರವನ್ನು ಇನ್ನೊಂದಾಗಿಸುವ ಕಿಣ್ವ) ಸರಿಮಾಡಬಲ್ಲದು.

ಕಾರಣ ಇಷ್ಟೆ. ಅಡೆನಿನ್ ಬೇಸ್ ಎಡಿಟರ್ ಮಾಡುವುದು ಒಂದೇ ಕೆಲಸ, ‘ಎ’ ಅಕ್ಷರವನ್ನು ‘ಜಿ’ ಮಾಡುವುದು. ಡಿಎನ್‌ಎಗೆ ಎರಡು ಎಳೆ; ಒಂದರಲ್ಲಿ ‘ಟಿ’ ಇದ್ದರೆ ಎದುರಿನದರಲ್ಲಿ ‘ಎ’. ಎದುರಿನ ‘ಎ’ಯನ್ನು ‘ಜಿ’ ಮಾಡಿದರೆ ಈಚೆಯ ‘ಟಿ’ ತಾನಾಗಿ ‘ಸಿ’ ಆಗುತ್ತದೆ. ಟಿಎಜಿ ಮತ್ತೆ ಸಿಎಜಿ ಆಗಿ ಕ್ಯೂ335 ಮೊದಲಿನಂತಾಯಿತು. ಅದೇ ಕೆಲಸವನ್ನು 714ರಲ್ಲಿ ಮಾಡಿದರೆ ಅಲ್ಲೂ ಸಿಎಜಿ ಬರುತ್ತದೆ, ಆದರೆ ಅಲ್ಲಿ ಬೇಕಾದದ್ದು ಜಿಎಜಿ. ನಡುವಿನ ‘ಎ’ಯನ್ನು ಮುಟ್ಟಿದರೆ ಟಿಜಿಜಿ, ಅದೂ ಬೇರೆಯೇ ಅಮೈನೊ ಆಮ್ಲ. ‘ಟಿ’ಯನ್ನು ‘ಜಿ’ ಮಾಡಲು ಪ್ರೈಮ್ ಎಡಿಟರ್ ಎಂಬ ಇನ್ನೊಂದು ಬಗೆಯ ಎಡಿಟರ್ ಬೇಕು. ಅದರ ಗೈಡ್ ಇನ್ನೂ ಉದ್ದ, ತಯಾರಿಕೆ ಇನ್ನೂ ಕಷ್ಟ. ಹಾಗಾಗಿ ತಂದೆಯಿಂದ ಬಂದ ಪ್ರತಿಯನ್ನು ತಿದ್ದುವುದೆಂದು ತೀರ್ಮಾನವಾಯಿತು. ಒಂದು ಪ್ರತಿ ಸಾಕು: ಒಂದೇ ಸರಿ ಪ್ರತಿ ಇರುವ ತಂದೆತಾಯಿಗಳು ಆರೋಗ್ಯವಾಗಿರುವುದೇ ಅದಕ್ಕೆ ಸಾಕ್ಷಿ.

ಅಕ್ಷರ ಗೊತ್ತಾದ ಕೂಡಲೇ ಎಡಿಟರ್ ಸಿಕ್ಕಂತಲ್ಲ. ಗೈಡ್ ತೋರಿಸಿದ ಡಿಎನ್‌ಎ ಜಾಗವನ್ನು ಹಿಡಿಯುವ ಎಡಿಟರ್‌ನ ಭಾಗವೇ ಕ್ಯಾಸ್9. ಮಾಮೂಲಿ ಕ್ಯಾಸ್9 ಕೂರಬೇಕಾದರೆ ಗುರಿಯ ಪಕ್ಕದಲ್ಲೇ ಎನ್‌ಜಿಜಿ (‘ಎನ್’ ಅಂದರೆ ಯಾವುದೇ ಅಕ್ಷರ) ಎಂಬ ಗುರುತು ಇರಬೇಕು, ತಿದ್ದಬೇಕಾದ ‘ಎ’ ಗುರಿಯ 20 ಅಕ್ಷರಗಳಲ್ಲಿ ಸುಮಾರು 4ರಿಂದ 8ನೇ ಸ್ಥಾನದ ಕಿಟಕಿಯೊಳಗೆ ಬೀಳಬೇಕು. ಇಲ್ಲಿ ಎನ್‌ಜಿಸಿ ಗುರುತನ್ನು ಹಿಡಿಯುವಂತೆ ಮಾರ್ಪಡಿಸಿದ ಕ್ಯಾಸ್9 ಬಳಸಿದರು. ಅದಕ್ಕೆ ಅಂಟಿಸಿದ, ಅಕ್ಷರ ಬದಲಿಸುವ ಕಿಣ್ವ ಎಬಿಇ8ಇ ಬಗೆಯದು, ಅದರಲ್ಲೂ ವಿ106ಡಬ್ಲ್ಯೂ ಎಂಬ ಬದಲಾವಣೆ ಇರುವಂಥದ್ದು. ಎಬಿಇ8ಇ ಬಹಳ ಚುರುಕು. ಚುರುಕಾದಷ್ಟೂ ಬೇಡದ ಕಡೆ, ಅದರಲ್ಲೂ ಜೀವಕೋಶದ ಆರ್‌ಎನ್‌ಎ ಮೇಲೆ, ಕೈಯಾಡಿಸುವ ಚಾಳಿ ಜಾಸ್ತಿ. ವಿ106ಡಬ್ಲ್ಯೂ ಆ ಚಾಳಿಗೆ ಕಡಿವಾಣ. ಈ ಆಯ್ಕೆ ನಮಗೆ ಮೆಚ್ಚುಗೆಯಾಯಿತು. ಸಮಯದ ಒತ್ತಡದಲ್ಲಿ ಚುರುಕೊಂದನ್ನೇ ನೋಡಿ ಮುಂದೆ ಹೋಗುವುದು ಸುಲಭವಿತ್ತು.

ಕಿಟಕಿಯ ವಿಷಯದಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಗುರಿಯ ‘ಎ’ ಪಕ್ಕದಲ್ಲಿ ಇನ್ನೊಂದು ‘ಎ’ ಕಿಟಕಿಯೊಳಗೇ ಇದ್ದರೆ ಎಡಿಟರ್ ಅದನ್ನೂ ಬಿಡುವುದಿಲ್ಲ. ಆ ನೆರೆಯ ಬದಲಾವಣೆಯಿಂದ ಅಮೈನೊ ಆಮ್ಲ ಬದಲಾಗದಿದ್ದರೆ ಚಿಂತೆಯಿಲ್ಲ. ಬದಲಾದರೆ ಒಂದು ತಪ್ಪು ತಿದ್ದಿ ಇನ್ನೊಂದು ತಪ್ಪು ಬರೆದಂತೆ. ಪರದೆಯ ಮೇಲೆ ಚೆನ್ನಾಗಿ ಕಂಡ ಗೈಡ್ ಜೀವಕೋಶದಲ್ಲಿ ಸೋಲುವುದಕ್ಕೆ ಇದು ಸಾಮಾನ್ಯ ಕಾರಣ. ಆದ್ದರಿಂದ ಗುರಿಯ ಸುತ್ತಲಿನ ಅಕ್ಷರಗಳನ್ನು ಲಿವರ್ ಮೂಲದ ಜೀವಕೋಶಗಳಲ್ಲಿ ಸೇರಿಸಿ, ಹಲವು ಎಡಿಟರ್-ಗೈಡ್ ಜೋಡಿಗಳನ್ನು ಒಟ್ಟಿಗೆ ಓಡಿಸಿ, ಆ ಜಾಗವನ್ನು ಆಳವಾಗಿ ಸೀಕ್ವೆನ್ಸ್ ಮಾಡಿ ನೋಡಬೇಕು. ಶೇಕಡಾ ಎಷ್ಟು ತಿದ್ದಿತು ಎಂಬುದರ ಜೊತೆಗೆ, ತಿದ್ದಿದ್ದರಲ್ಲಿ ಎಷ್ಟು ಚೊಕ್ಕವಾಗಿ ಒಂದೇ ಅಕ್ಷರ ಬದಲಾಗಿದೆ ಎಂಬ ಅಂಕಿಯೂ ಬೇಕು. ಎರಡನೆಯ ಅಂಕಿ ಇಲ್ಲದ ವರದಿಯನ್ನು ನಂಬಬೇಡಿ.

ಗೈಡ್ ಆರ್‌ಎನ್‌ಎ ಒಟ್ಟು ಸುಮಾರು 100 ಅಕ್ಷರದ್ದು, ರಾಸಾಯನಿಕವಾಗಿ ಒಂದೊಂದೇ ಅಕ್ಷರ ಪೋಣಿಸಿ ಮಾಡುವಂಥದ್ದು. ಪೋಣಿಸುವಾಗ ಪ್ರತಿ ಹೆಜ್ಜೆಯಲ್ಲೂ ಸ್ವಲ್ಪ ಸೋರಿಕೆ ಇದ್ದೇ ಇರುತ್ತದೆ, 100 ಹೆಜ್ಜೆಯಾಗುವಷ್ಟರಲ್ಲಿ ಮೊಟಕಾದ ತುಂಡುಗಳು ಗಣನೀಯವಾಗಿ ಸೇರಿಕೊಳ್ಳುತ್ತವೆ. ಪೋಣಿಸುವುದು ಒಂದು ಕಡೆಯಿಂದ ಶುರುವಾಗಿ ಗುರಿ ಹುಡುಕುವ 20 ಅಕ್ಷರದಲ್ಲಿ ಮುಗಿಯುತ್ತದೆ. ಅಂದರೆ ಮೊಟಕಾದ ತುಂಡಿನಲ್ಲಿ ಕಳೆದುಹೋಗಿರುವುದು ಆ ಅತಿ ಮುಖ್ಯ ತುದಿಯೇ. ಶುದ್ಧತೆಯ ಮಿತಿ ಸಡಿಲಿಸಿದರೆ ಔಷಧ ದುರ್ಬಲವಾಗುತ್ತದೆ, ದಾರಿ ತಪ್ಪುವ ಸಾಧ್ಯತೆಯೂ ಏರುತ್ತದೆ. ಎರಡೂ ತುದಿಗಳಿಗೆ ರಾಸಾಯನಿಕ ಹೊದಿಕೆ ಕೊಡದಿದ್ದರೆ ರಕ್ತದಲ್ಲೂ ಜೀವಕೋಶದಲ್ಲೂ ಇರುವ ಕಿಣ್ವಗಳು ಅದನ್ನು ಬೇಗನೆ ಕತ್ತರಿಸಿಹಾಕುತ್ತವೆ. ಈ ಗೈಡನ್ನು ಒದಗಿಸಿದ್ದು ಇಂಟಿಗ್ರೇಟೆಡ್ ಡಿಎನ್‌ಎ ಟೆಕ್ನಾಲಜೀಸ್, ಎಡಿಟರ್‌ನ ಎಂಆರ್‌ಎನ್‌ಎ (ಜೀವಕೋಶ ತಾನೇ ಎಡಿಟರ್ ತಯಾರಿಸಿಕೊಳ್ಳಲು ಬೇಕಾದ ಸಂದೇಶ) ಆಲ್ಡೆವ್ರಾನ್‌ನದು, ಎರಡನ್ನೂ ತುಂಬಿದ ಲಿಪಿಡ್ ನ್ಯಾನೋ ಕಣ ಅಕ್ಯುಟಾಸ್‌ನದು.

ನ್ಯಾನೋ ಕಣದಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ಕೊಬ್ಬು: ಆಮ್ಲದಲ್ಲಿ ಧನಾವೇಶ ಪಡೆಯುವ ಅಯಾನೀಕರಣ ಲಿಪಿಡ್, ಫಾಸ್ಫೊಲಿಪಿಡ್, ಕೊಲೆಸ್ಟ್ರಾಲ್, ಪಿಇಜಿ ಲಿಪಿಡ್. ಆಮ್ಲೀಯ ದ್ರಾವಣದ ಆರ್‌ಎನ್‌ಎಯನ್ನೂ ಎಥನಾಲ್‌ನಲ್ಲಿ ಕರಗಿಸಿದ ಕೊಬ್ಬನ್ನೂ ಸಣ್ಣ ನಾಳದಲ್ಲಿ ವೇಗವಾಗಿ ಬೆರೆಸಿದರೆ 100 ನ್ಯಾನೋಮೀಟರ್‌ಗಿಂತ ಸಣ್ಣ ಗುಳ್ಳೆಗಳಾಗುತ್ತವೆ. ಬೆರೆಸುವ ವೇಗ ತಪ್ಪಿದರೆ ಕಣ ದಪ್ಪವಾಗುತ್ತದೆ, ದಪ್ಪ ಕಣ ಲಿವರ್‌ನ ರಕ್ತನಾಳಗಳ ಸೂಕ್ಷ್ಮ ಕಿಂಡಿಗಳಲ್ಲಿ ನುಸುಳುವುದಿಲ್ಲ. ರಕ್ತಕ್ಕೆ ಇಳಿದ ಕಣದ ಮೈಗೆ ಎಪೊಇ ಎಂಬ ಪ್ರೋಟೀನ್ ಅಂಟುತ್ತದೆ, ಲಿವರ್ ಜೀವಕೋಶಗಳು ಅದನ್ನು ಎಲ್‌ಡಿಎಲ್ ಕೊಲೆಸ್ಟ್ರಾಲ್ ಎಂದೇ ಭಾವಿಸಿ ಒಳಗೆಳೆದುಕೊಳ್ಳುತ್ತವೆ. ಇದೇ ಈ ಔಷಧದ ಅನುಕೂಲ, ಇದೇ ಅದರ ಗಡಿಯೂ ಹೌದು: ಹೋಗುವುದು ಬಹುಮಟ್ಟಿಗೆ ಲಿವರ್‌ಗೇ.

ಕಾಯಿಲೆ ಗೊತ್ತಾದಲ್ಲಿಂದ ಮೊದಲ ಡೋಸ್‌ವರೆಗೆ ಸುಮಾರು ಆರು ತಿಂಗಳು. ಅದರೊಳಗೆ ಗೈಡ್ ಹುಡುಕಾಟ, ಅದೇ ತಪ್ಪನ್ನು ಹೊತ್ತ ಇಲಿಗಳಲ್ಲಿ ಪರೀಕ್ಷೆ, ಕೋತಿಗಳಲ್ಲಿ ಸುರಕ್ಷತೆಯ ಪರೀಕ್ಷೆ, ದಾರಿ ತಪ್ಪಿದ ತಿದ್ದುಪಡಿಗಳ ಶೋಧ, ಮನುಷ್ಯರಿಗೆ ಕೊಡುವ ದರ್ಜೆಯ ತಯಾರಿಕೆ ಎಲ್ಲ ಆಗಬೇಕು. ಒಂದಾದ ಮೇಲೊಂದು ಮಾಡಿದ್ದರೆ ವರ್ಷಗಳೇ ಹಿಡಿಯುತ್ತಿದ್ದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯ ಫ್ಯೊಡೊರ್ ಉರ್ನೊವ್ ಅವರ ಗುಂಪೂ ಸೇರಿ ಹಲವು ಸಂಸ್ಥೆಗಳು ಏಕಕಾಲಕ್ಕೆ ಕೆಲಸಕ್ಕಿಳಿದದ್ದರಿಂದ ಇದು ಸಾಧ್ಯವಾಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅರ್ಜಿ ಬಂದ ಒಂದು ವಾರದಲ್ಲಿ ಒಬ್ಬನೇ ರೋಗಿಗೆ ಕೊಡಲು ಅನುಮತಿ ಕೊಟ್ಟಿತು. ಇನ್ನೂ ಬೇಗ ಮಾಡಲು ಹೊರಟವರಿಗೆ ಒಂದು ಮಾತು: ಕ್ರಿಮಿರಹಿತ ಎಂದು ಖಚಿತಪಡಿಸುವ ಸಾಂಪ್ರದಾಯಿಕ ಪರೀಕ್ಷೆಗೇ 14 ದಿನ ಬೇಕು, ಅಲ್ಲಿ ಅವಸರ ನಡೆಯುವುದಿಲ್ಲ.

ಡೋಸ್ ವಿಷಯ. ಮೊದಲನೆಯದು ತೂಕದ ಕಿಲೋಗೆ 0.1 ಮಿಲಿಗ್ರಾಂ ಆರ್‌ಎನ್‌ಎ, ಸುಮಾರು ಮೂರು ವಾರದ ನಂತರ ಎರಡನೆಯದು ಕಿಲೋಗೆ 0.3 ಮಿಲಿಗ್ರಾಂ. ಏಳು ಕಿಲೋ ತೂಗುವ ಮಗುವೆಂದು ಲೆಕ್ಕ ಹಾಕಿದರೆ ಮೊದಲ ಸಲ ಒಂದು ಮಿಲಿಗ್ರಾಮೂ ಇಲ್ಲ, ಎರಡನೇ ಸಲ ಎರಡು ಮಿಲಿಗ್ರಾಂ ಚಿಲ್ಲರೆ. ಮೊದಲ ಡೋಸ್ ಬೇಕೆಂದೇ ಕಡಿಮೆ. ಯಾವ ಮನುಷ್ಯನಿಗೂ ಕೊಡದ ಔಷಧವಾದ್ದರಿಂದ ಮೈ ತಡೆದುಕೊಳ್ಳುತ್ತದೆಯೇ ಎಂದು ನೋಡುವುದು ಅದರ ಉದ್ದೇಶವಾಗಿತ್ತು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಲು ಆದದ್ದು ವಾಹಕ ವೈರಸ್ ಅಲ್ಲದ್ದರಿಂದ. ಮರುಡೋಸ್ ಕೊಡಬಹುದಾದ ಗುಣ ಈ ಔಷಧದ ಬಲಗಳಲ್ಲಿ ನಮ್ಮ ಲೆಕ್ಕದಲ್ಲಿ ಮೊದಲ ಸಾಲಿನದು.

ಫಲಿತಾಂಶ: ಮೊದಲ ಡೋಸ್‌ನ ನಂತರದ ಏಳು ವಾರದಲ್ಲಿ ಮಗು ಹೆಚ್ಚು ಪ್ರೋಟೀನ್ ತಡೆದುಕೊಂಡಿತು, ಸಾರಜನಕ ಹೊರಹಾಕುವ ಔಷಧ ಅರ್ಧಕ್ಕೆ ಇಳಿಯಿತು. ಮಧ್ಯೆ ವೈರಸ್ ಸೋಂಕುಗಳು ಬಂದವು. ಈ ಕಾಯಿಲೆ ನೋಡಿಕೊಳ್ಳುವವರಿಗೆ ಅದರ ತೂಕ ಗೊತ್ತು. ಅಂಥ ಹೊತ್ತಿನಲ್ಲಿ ಪ್ರೋಟೀನ್ ಹೆಚ್ಚಿಸಿದ್ದಾಗಲೂ ಔಷಧ ತಗ್ಗಿಸಿದ್ದಾಗಲೂ ಬಿಕ್ಕಟ್ಟು ಬರಲಿಲ್ಲ. ಗಂಭೀರ ಅಡ್ಡಪರಿಣಾಮವೂ ಕಾಣಲಿಲ್ಲ. 2025ರ ಜೂನ್‌ನಲ್ಲಿ ಮಗು ಮನೆಗೆ ಹೋಯಿತು. ಔಷಧವನ್ನು ಪೂರ್ತಿ ನಿಲ್ಲಿಸಿಲ್ಲ, ಪಥ್ಯವೂ ಮುಗಿದಿಲ್ಲ. ತೀವ್ರ ಕಾಯಿಲೆ ಸೌಮ್ಯ ಕಾಯಿಲೆಯಾಗಿದೆ ಎಂಬುದು ಸರಿಯಾದ ಮಾತು. ‘ಗುಣವಾಯಿತು’ ಎಂದು ಬರೆದವರು ವರದಿಯನ್ನು ಪೂರ್ತಿ ಓದಿಲ್ಲ.

ಇಲ್ಲೇ ಆ ದೊಡ್ಡ ಕೊರತೆ. ಎಷ್ಟು ಜೀವಕೋಶ ತಿದ್ದಿದವು ಎಂದು ತಿಳಿಯಲು ಲಿವರ್‌ನಿಂದ ಚೂರು ತೆಗೆಯಬೇಕು, ಅಷ್ಟು ಸಣ್ಣ ಮಗುವಿಗೆ ಅದು ಅಪಾಯವೆಂದು ಮಾಡಲಿಲ್ಲ. ಸರಿಯಾದ ನಿರ್ಧಾರವೇ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಸಿಪಿಎಸ್1 ರಕ್ತಕ್ಕೆ ಬಿಡುಗಡೆಯಾಗುವ ಪ್ರೋಟೀನ್ ಅಲ್ಲ, ಮೈಟೊಕಾಂಡ್ರಿಯಾದೊಳಗೇ ಉಳಿಯುತ್ತದೆ. ಹಾಗಾಗಿ ಪ್ರೋಟೀನ್ ಸಹನೆ, ಔಷಧದ ಪ್ರಮಾಣ, ಅಮೋನಿಯಾ, ಗ್ಲುಟಮಿನ್ ಇವುಗಳಿಂದಲೇ ಊಹಿಸಬೇಕು. ಬೀಮ್ ಸಂಸ್ಥೆ ಆಲ್ಫಾ-1 ಆಂಟಿಟ್ರಿಪ್ಸಿನ್ ಕೊರತೆಗೆ ಪ್ರಯೋಗಿಸುತ್ತಿರುವ ಬೀಮ್-302 ಜೊತೆ ಹೋಲಿಸಿ: ಅಲ್ಲೂ ಬೇಸ್ ಎಡಿಟರ್, ಅಲ್ಲೂ ನ್ಯಾನೋ ಕಣ, ಆದರೆ ತಿದ್ದಿದ ಪ್ರೋಟೀನ್ ರಕ್ತದಲ್ಲೇ ತೇಲುತ್ತದೆ, ರಕ್ತ ಪರೀಕ್ಷೆಯಲ್ಲೇ ಉತ್ತರ. ಫೀನೈಲ್‌ಅಲನಿನ್ ಎಂಬ ಅಮೈನೊ ಆಮ್ಲ ರಕ್ತದಲ್ಲಿ ಏರುವ ಪಿಕೆಯು ಕಾಯಿಲೆಯಲ್ಲೂ ಹಾಗೆ. ಪೆನ್ಸಿಲ್ವೇನಿಯಾದ ಇದೇ ಗುಂಪು ಇಲಿಗಳಲ್ಲಿ ಮಾಡಿದ ಕೆಲಸದಲ್ಲಿ ಫೀನೈಲ್‌ಅಲನಿನ್ 48 ಗಂಟೆಯಲ್ಲಿ ಸಹಜ ಮಟ್ಟಕ್ಕೆ ಇಳಿದದ್ದು ರಕ್ತದಲ್ಲೇ ಕಂಡಿತು.

ಅಮೋನಿಯಾವನ್ನು ನಂಬಿ ನಡೆಯುವವರು ಅದರ ಅಳತೆಯನ್ನೂ ಅನುಮಾನಿಸಬೇಕು. ಮಗುವಿನ ಕೈಗೆ ಪಟ್ಟಿ ಬಿಗಿದು, ಹಿಂಡಿ ತೆಗೆದ ರಕ್ತದಲ್ಲಿ ಅಂಕಿ ಸುಳ್ಳೇ ಏರುತ್ತದೆ. ಕೆಂಪು ರಕ್ತಕಣ ಒಡೆದರೂ ಏರುತ್ತದೆ. ಸರಾಗವಾಗಿ ಹರಿದ ರಕ್ತವನ್ನು ಇಡಿಟಿಎ ಟ್ಯೂಬಿಗೆ ತೆಗೆದು, ಮಂಜುಗಡ್ಡೆಯ ಮೇಲಿಟ್ಟು, ಕೂಡಲೇ ಲ್ಯಾಬಿಗೆ ಕಳಿಸಿ ಪ್ಲಾಸ್ಮಾ ಬೇರ್ಪಡಿಸಬೇಕು. ಕೋಣೆಯ ಶಾಖದಲ್ಲಿ ಅರ್ಧ ಗಂಟೆ ಮೇಜಿನ ಮೇಲೆ ಬಿದ್ದಿದ್ದ ಟ್ಯೂಬಿನ ಅಂಕಿ ಹಿಡಿದುಕೊಂಡು ಔಷಧ ಕೆಲಸ ಮಾಡಿತೋ ಇಲ್ಲವೋ ಎಂದು ವಾದಿಸುವುದರಲ್ಲಿ ಅರ್ಥವಿಲ್ಲ. ಇನ್ನೊಂದು ಎಚ್ಚರ: ನ್ಯಾನೋ ಕಣದ ಔಷಧಗಳಿಗೆ ಮುಂಚೆ ಅಲರ್ಜಿ ತಡೆಯಲು ಸ್ಟೀರಾಯ್ಡ್ ಕೊಡುವುದು ವಾಡಿಕೆ. ಯೂರಿಯಾ ಚಕ್ರದ ಕಾಯಿಲೆಯಲ್ಲಿ ಸ್ಟೀರಾಯ್ಡ್ ಮಾಂಸ ಕರಗಿಸಿ ಅಮೋನಿಯಾ ಏರಿಸುತ್ತದೆ. ಬೇರೆ ಪ್ರಯೋಗಗಳ ಪದ್ಧತಿಯನ್ನು ಕಣ್ಣುಮುಚ್ಚಿ ನಕಲು ಮಾಡುವವರು ಮೊದಲು ಎಡವುವುದು ಇಲ್ಲೇ.

ಸುರಕ್ಷತೆಯ ಮಾತಿಗೆ ಬಂದರೆ ಒಂದು ಮಗುವಿನಿಂದ ಹೆಚ್ಚು ಹೇಳಲಾಗದು. ನ್ಯಾನೋ ಕಣದ ಹೊರೆ ಹೊರುವುದು ಲಿವರ್, ಅದರ ಕಿಣ್ವಗಳು ಏರುವುದು ನಿರೀಕ್ಷಿತ. ಬೇರೆ ಔಷಧಗಳಲ್ಲಿ ಇದು ಗಂಭೀರವೂ ಆಗಿದೆ: 2024ರಲ್ಲಿ ವರ್ವ್-101 ಎಂಬ ಇನ್ನೊಂದು ಬೇಸ್ ಎಡಿಟರ್ ಔಷಧದ ಪ್ರಯೋಗಕ್ಕೆ ಹೊಸಬರನ್ನು ಸೇರಿಸುವುದು ನಿಂತದ್ದು ಲಿವರ್ ಕಿಣ್ವ ಏರಿ ಪ್ಲೇಟ್‌ಲೆಟ್ ಇಳಿದದ್ದರಿಂದ, ತಪ್ಪು ನ್ಯಾನೋ ಕಣದ್ದು ಎಂದು ಸಂಸ್ಥೆ ಹೇಳಿತು. 2025ರ ಅಕ್ಟೋಬರ್‌ನಲ್ಲಿ ಇಂಟೆಲ್ಲಿಯಾ ಸಂಸ್ಥೆಯ ಅಮಿಲಾಯ್ಡ್ ಕಾಯಿಲೆಯ ಜೀನ್ ಎಡಿಟಿಂಗ್ ಪ್ರಯೋಗವೂ ತೀವ್ರ ಲಿವರ್ ತೊಂದರೆಯಿಂದ ತಡೆಹಿಡಿಯಲ್ಪಟ್ಟಿತು. ಮೊದಲೇ ಸೋತ ಲಿವರ್ ಇರುವ ಮಗುವಿಗೆ ಇದೇ ಡೋಸ್ ಹೊಂದುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಜೀನ್ ಎಡಿಟಿಂಗ್ ಪಡೆದವರನ್ನು 15 ವರ್ಷದವರೆಗೆ ಗಮನಿಸಬೇಕೆಂದು ಎಫ್‌ಡಿಎ ಹೇಳುವುದು ಇದಕ್ಕೇ.

ಲಿವರ್ ಒಂದನ್ನೇ ತಿದ್ದುವುದರ ಇನ್ನೊಂದು ಪರಿಣಾಮ ಕರುಳಿನದು. ಸಿಪಿಎಸ್1 ಸಣ್ಣ ಕರುಳಿನಲ್ಲೂ ಇದ್ದು ಅಲ್ಲಿ ಸಿಟ್ರುಲಿನ್ ಎಂಬ ಅಮೈನೊ ಆಮ್ಲದ ತಯಾರಿಗೆ ಬೇಕು. ನ್ಯಾನೋ ಕಣ ಅಲ್ಲಿಗೆ ಮುಟ್ಟುವುದಿಲ್ಲ. ಲಿವರ್ ಕಸಿ ಆದವರಲ್ಲೂ ಸಿಟ್ರುಲಿನ್ ಕಡಿಮೆಯೇ ಉಳಿಯುವುದು ಈ ಕಾರಣಕ್ಕೆ. ತಿದ್ದುಪಡಿ ಎಷ್ಟೇ ಚೆನ್ನಾಗಿ ಆದರೂ ಸಿಟ್ರುಲಿನ್ ಪೂರಕವನ್ನು ನಿಲ್ಲಿಸುವ ಅವಸರ ಬೇಡ.

ವೆಚ್ಚ ಲಿವರ್ ಕಸಿಯ ಹತ್ತಿರಕ್ಕೆ ಬರುತ್ತದೆ ಎಂಬುದು ಸಂಶೋಧಕರ ಅಂದಾಜು, ಅದೂ ಸಂಸ್ಥೆಗಳು ತಮ್ಮ ಪಾಲಿನ ಖರ್ಚನ್ನು ತಾವೇ ಹೊತ್ತುಕೊಂಡ ಸನ್ನಿವೇಶದಲ್ಲಿ. ಪ್ರತಿ ಮಗುವಿಗೂ ಕೋತಿಗಳಿಂದ ಶುರುಮಾಡಿದರೆ ಇದು ಮುಂದುವರಿಯುವ ಮಾತಲ್ಲ. ಅದಕ್ಕೇ ಈ ತಂಡ ಯೂರಿಯಾ ಚಕ್ರದ ಹಲವು ಜೀನ್‌ಗಳನ್ನು ಒಂದೇ ಪ್ರಯೋಗದ ಛತ್ರಿಯಡಿ ತರಲು ಹೊರಟಿದೆ: ಅದೇ ನ್ಯಾನೋ ಕಣ, ಅದೇ ಬಗೆಯ ಎಡಿಟರ್, ಗೈಡ್ ಮಾತ್ರ ಮಗುವಿಗೊಂದು. ನಮಗೆ ಇದೇ ಸರಿಯಾದ ದಾರಿ ಎನಿಸುತ್ತದೆ. ಒಂದು ಷರತ್ತು: ದಾರಿ ತಪ್ಪಿದ ತಿದ್ದುಪಡಿಯ ಶೋಧವನ್ನು ಮಾತ್ರ ಪ್ರತಿ ಗೈಡಿಗೂ ಹೊಸದಾಗಿ, ಆ ಮಗುವಿನದೇ ಜೀನೋಮ್ ಇಟ್ಟುಕೊಂಡು ಮಾಡಲೇಬೇಕು. 20 ಅಕ್ಷರ ಬದಲಾದರೆ ತಪ್ಪುವ ದಾರಿಗಳೂ ಬದಲಾಗುತ್ತವೆ.

ಯಾರಿಗೆ ಇದು ಹೊಂದುತ್ತದೆ? ಕಾಯಿಲೆಯ ಮೂಲ ಲಿವರ್‌ನಲ್ಲಿರಬೇಕು. ಒಂದು ಪ್ರತಿಯಾದರೂ ‘ಜಿ’ ಇದ್ದಲ್ಲಿ ‘ಎ’, ಅಥವಾ ‘ಸಿ’ ಇದ್ದಲ್ಲಿ ‘ಟಿ’ ಬಂದ ತಪ್ಪಾಗಿರಬೇಕು. ಪಕ್ಕದಲ್ಲಿ ಎಡಿಟರ್ ಕೂರುವ ಗುರುತು ಇರಬೇಕು. ಟೈರೊಸಿನೀಮಿಯಾ ಟೈಪ್ 1ರಂತಹ ಕಾಯಿಲೆಯಲ್ಲಿ ಸ್ವಲ್ಪವೇ ತಿದ್ದಿದರೂ ಸಾಕಾಗಬಹುದು, ಏಕೆಂದರೆ ತಿದ್ದಿದ ಜೀವಕೋಶಗಳು ರೋಗದ ಜೀವಕೋಶಗಳನ್ನು ಹಿಂದಿಕ್ಕಿ ಬೆಳೆಯುತ್ತವೆ. ಸಿಪಿಎಸ್1 ಕೊರತೆಯಲ್ಲಿ ಆ ಲಾಭವಿಲ್ಲ, ಡೋಸ್‌ನಿಂದಲೇ ಸಾಧಿಸಬೇಕು. ದೊಡ್ಡ ತುಂಡೇ ಅಳಿಸಿಹೋದ ಜೀನ್‌ಗೆ ಬೇಸ್ ಎಡಿಟರ್ ಏನೂ ಮಾಡಲಾರದು.

ಇಂಥ ಮಗುವಿನ ಜೀನ್ ಪರೀಕ್ಷೆ ಬರೆದುಕೊಡುವ ವೈದ್ಯರು ವರದಿಯಲ್ಲಿ ಕಾಯಿಲೆಯ ಹೆಸರಿಗೆ ತೃಪ್ತರಾಗಬಾರದು. ಎರಡೂ ಪ್ರತಿಗಳ ತಪ್ಪು ಅಕ್ಷರದ ಸ್ಥಾನ ಸಮೇತ ಬೇಕು, ಯಾವುದು ತಂದೆಯದು ಯಾವುದು ತಾಯಿಯದು ಎಂದು ತಿಳಿಯಲು ಇಬ್ಬರ ರಕ್ತವನ್ನೂ ಅದೇ ದಿನ ಕಳಿಸಬೇಕು, ಉಳಿದ ಡಿಎನ್‌ಎಯನ್ನು ಲ್ಯಾಬ್ ಎಸೆಯದಂತೆ ಬರೆದುಕೊಡಬೇಕು. ಗೈಡ್ ಹುಡುಕುವ ಕೆಲಸ ಶುರುವಾಗುವುದೇ ಆ ಮೂರರಿಂದ. ಹಸುಳೆಯ ಲೆಕ್ಕದಲ್ಲಿ ಮರುಪರೀಕ್ಷೆಗೆ ಹೋಗುವ ಎರಡು ವಾರ ಬಹಳ ದೊಡ್ಡದು.